ಎವರೆಸ್ಟ್ ಬೇಸ್ ಕ್ಯಾಂಪ್ ಚಾರಣ: ಹೊರಡುವ ಮುಂಚೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಎರಡು ಸಲ ಈ ದಾರಿಯಲ್ಲಿ ನಡೆದಿದ್ದೇನೆ. ಆಮೇಲೆ ಗೆಳೆಯರು, ಗೆಳೆಯರ ಗೆಳೆಯರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಬೆಟ್ಟ ಹತ್ತುವುದಕ್ಕಿಂತ ಜಾಸ್ತಿ, ನಡಿಗೆ ಶುರುವಾಗುವ ಊರಾದ ಲುಕ್ಲಾ ತಲುಪುವ ತನಕ ಏನೇನು ಮಾಡಬೇಕು ಅನ್ನುವುದರ ಬಗ್ಗೆಯೇ ಹೇಳಿದ್ದೇನೆ. ಎಷ್ಟೋ ಜನರ ಚಾರಣ ಹಾಳಾಗುವುದು ಅಲ್ಲೇ.

ಒಟ್ಟು ಎಷ್ಟು ದಿನ ರಜೆ ಹಾಕಬೇಕು?

ನಡಿಗೆಗೆ 12 ದಿನ ಬೇಕು. ಆದರೆ ರಜೆ 17 ಅಥವಾ 18 ದಿನ ಹಾಕಿ. ಚಾರಣ ಶುರುವಾಗುವ ಮುಂಚೆ ಕಠ್ಮಂಡುವಿನಲ್ಲಿ ಪೂರ್ತಿ ಎರಡು ದಿನ ಇರಲಿ, ವಾಪಸ್ ಬಂದ ಮೇಲೆ ಇನ್ನೆರಡು ದಿನ ಕೈಯಲ್ಲಿ ಇರಲಿ. ಒಳ್ಳೇ ಶೂ, ಒಳ್ಳೇ ಜಾಕೆಟ್ ಎಲ್ಲವೂ ಬೇಕು ನಿಜ. ಅವೆಲ್ಲಕ್ಕಿಂತ ಕೈಯಲ್ಲಿರುವ ಬಿಡುವಿನ ದಿನಗಳೇ ದೊಡ್ಡ ಆಸ್ತಿ. ಹದಿನಾಲ್ಕೇ ದಿನ ರಜೆ ಸಿಗುತ್ತದೆ ಅಂತಾದರೆ ಈ ಚಾರಣವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ ಎಂದೇ ನಾನು ಹೇಳುತ್ತೇನೆ.

ಕಠ್ಮಂಡುವಿಗೆ ಎರಡು ದಿನ ಮೊದಲೇ ಹೋಗಿ ಮಾಡುವುದೇನು?

ಮೊದಲ ಸಲ ನಾನು ಹಿಂದಿನ ದಿನ ಸಂಜೆ ಹೋಗಿ ಇಳಿದೆ. ಬೆಂಗಳೂರಿನಿಂದ ದೆಹಲಿ, ಅಲ್ಲಿಂದ ಕಠ್ಮಂಡು. ದೆಹಲಿಯಲ್ಲಿ ವಿಮಾನ ಬದಲಿಸುವಾಗ ನನ್ನ ಬ್ಯಾಗು ಅಲ್ಲೇ ಉಳಿಯಿತು. ಲಗೇಜ್ ಬೆಲ್ಟ್ ತಿರುಗಿ ತಿರುಗಿ ಖಾಲಿಯಾಗಿ ನಿಂತಿತು. ಮಲಗುವ ಚೀಲ, ಜಾಕೆಟ್, ಔಷಧಿ ಎಲ್ಲವೂ ಅದರೊಳಗಿದ್ದವು. ನಾಳೆ ಸಂಜೆ ಬರುತ್ತೆ ಅಂದರು. ಲುಕ್ಲಾ ವಿಮಾನ ಹಿಡಿಯಲು ಬೆಳಗಿನ ಜಾವ ಎರಡು ಗಂಟೆಗೆ ನನ್ನ ಜೀಪು ಹೊರಡಬೇಕಿತ್ತು. ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಕಠ್ಮಂಡುವಿನ ಥಮೇಲ್ ಪೇಟೆಯಲ್ಲಿ ಓಡಾಡಿ ಸಿಕ್ಕಿದ್ದನ್ನು ಬಾಡಿಗೆಗೆ ತಗೊಂಡೆ. ಮೂರು ತಿಂಗಳು ಹಾಕಿಕೊಂಡು ಪಳಗಿಸಿದ್ದ ಶೂ ಕಾಲಲ್ಲೇ ಇದ್ದದ್ದರಿಂದ ಚಾರಣ ಉಳಿಯಿತು.

ಹಾಗಾಗಿ ಎರಡು ದಿನ. ಬ್ಯಾಗು ತಡವಾದರೆ ಕಾಯಬಹುದು. ಗೈಡ್ ಜೊತೆ ಕೂತು ದಾರಿ ಮಾತಾಡಬಹುದು. ಬಿಟ್ಟುಹೋದ ಸಾಮಾನು ಕೊಳ್ಳಬಹುದು. ಮುಖ್ಯವಾಗಿ, ಎರಡು ರಾತ್ರಿ ಕಣ್ತುಂಬ ನಿದ್ದೆ ಮಾಡಬಹುದು.

ಒಂದು ತಪ್ಪು ತಿಳುವಳಿಕೆ ಇದೆ. ಕಠ್ಮಂಡುವಿನಲ್ಲಿದ್ದರೆ ಮೈ ಎತ್ತರಕ್ಕೆ ಒಗ್ಗುತ್ತದೆ ಅಂತ ಕೆಲವರು ಅಂದುಕೊಂಡಿರುತ್ತಾರೆ. ಕಠ್ಮಂಡು ಇರುವುದು ಸುಮಾರು 1,400 ಮೀಟರ್ ಎತ್ತರದಲ್ಲಿ, ನಮ್ಮ ನಂದಿಬೆಟ್ಟದಷ್ಟು. ಅಲ್ಲಿ ಮೈ ಒಗ್ಗುವಂಥದ್ದು ಏನೂ ನಡೆಯುವುದಿಲ್ಲ. ಆ ಕೆಲಸ ಶುರುವಾಗುವುದು ಚಾರಣದ ದಾರಿಯಲ್ಲಿ ಸಿಗುವ ನಾಮ್ಚೆ ಊರಿನಲ್ಲಿ.

ಬಿಡುವಿದ್ದರೆ ಪಶುಪತಿನಾಥನ ದರ್ಶನ ಮಾಡಿ. ಅಲ್ಲಿ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ದಕ್ಷಿಣ ಭಾರತದವರು. ನಮ್ಮ ಕರ್ನಾಟಕದಿಂದ ಹೋದವರೂ ಆ ಸೇವೆ ಮಾಡುತ್ತಾ ಬಂದಿದ್ದಾರೆ. ಊರು ಬಿಟ್ಟು ಅಷ್ಟು ದೂರ ಹೋದ ಮೇಲೆ ಇದು ಮನಸ್ಸಿಗೆ ಹಿತ ಕೊಡುವ ಸಂಗತಿ.

ವೀಸಾ ಬೇಕಾ? ಆಧಾರ್ ಸಾಕಾ?

ಭಾರತದ ಪ್ರಜೆಗಳಿಗೆ ನೇಪಾಳಕ್ಕೆ ವೀಸಾ ಬೇಡ. ಆದರೆ ವಿಮಾನದಲ್ಲಿ ಹೋಗುವಾಗ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ಇರಲೇಬೇಕು. ದೊಡ್ಡವರಿಗೆ ಆಧಾರ್ ನಡೆಯುವುದಿಲ್ಲ. 15 ವರ್ಷದೊಳಗಿನವರಿಗೂ 65 ದಾಟಿದವರಿಗೂ ಮಾತ್ರ ಅದರಲ್ಲಿ ವಿನಾಯಿತಿ. ಫೋನಿನಲ್ಲಿರುವ ಫೋಟೋ ತೋರಿಸಿದರೆ ಆಗದು, ಮೂಲ ಕಾರ್ಡೇ ಬೇಕು. ನನ್ನ ಸಲಹೆ ಪಾಸ್‌ಪೋರ್ಟ್.

ಅಮೆರಿಕ, ಬ್ರಿಟನ್ ಮುಂತಾದ ದೇಶಗಳ ಪಾಸ್‌ಪೋರ್ಟ್ ಇರುವ ಕನ್ನಡಿಗರಿಗೆ ವೀಸಾ ಬೇಕು. ಕಠ್ಮಂಡುವಿನಲ್ಲಿ ಇಳಿದ ಮೇಲೆಯೇ ಕೊಡುತ್ತಾರೆ. 15 ದಿನದ್ದು 30 ಡಾಲರ್, 30 ದಿನದ್ದು 50 ಡಾಲರ್. 30 ದಿನದ್ದೇ ತಗೊಳ್ಳಿ.

ಯಾವ ತಿಂಗಳು ಒಳ್ಳೇದು?

ಮಾರ್ಚ್ ಕೊನೆಯಿಂದ ಮೇ ಮಧ್ಯದವರೆಗೆ, ಇಲ್ಲವೇ ಅಕ್ಟೋಬರ್ ಮತ್ತು ನವೆಂಬರ್. ವಸಂತದಲ್ಲಿ ಗುರಾಸ್ (ರೋಡೋಡೆಂಡ್ರಾನ್) ಹೂವು ಬಿಟ್ಟಿರುತ್ತದೆ. ಎವರೆಸ್ಟ್ ಹತ್ತುವವರ ಡೇರೆಗಳು ಬೇಸ್ ಕ್ಯಾಂಪಿನಲ್ಲಿ ತುಂಬಿರುತ್ತವೆ. ಮಳೆಗಾಲ ಮುಗಿದ ಮೇಲೆ ಆಕಾಶ ತೊಳೆದಿಟ್ಟ ಹಾಗಿರುತ್ತದೆ. ಬೆಟ್ಟ ನೋಡಲಿಕ್ಕೇ ಹೋಗುವುದಾದರೆ ಅಕ್ಟೋಬರ್.

ಲುಕ್ಲಾ ವಿಮಾನದ ಬಗ್ಗೆ ಎಲ್ಲರೂ ಹೆದರಿಸುತ್ತಾರಲ್ಲ?

ಲುಕ್ಲಾದ ತೇನ್ಸಿಂಗ್-ಹಿಲರಿ ವಿಮಾನ ನಿಲ್ದಾಣದ ರನ್‌ವೇ ಬರೀ 527 ಮೀಟರ್ ಉದ್ದ. ಅದೂ ಏರುಮುಖವಾಗಿದೆ. ಒಂದು ತುದಿಯಲ್ಲಿ ಗುಡ್ಡ, ಇನ್ನೊಂದು ತುದಿಯಲ್ಲಿ ಕಣಿವೆ. ಇಳಿಯುವಾಗ ಆ ಏರೇ ವಿಮಾನದ ವೇಗ ತಗ್ಗಿಸುತ್ತದೆ, ಹೊರಡುವಾಗ ಆ ಇಳಿಜಾರೇ ವೇಗ ಕೊಡುತ್ತದೆ. ಪೈಲಟ್‌ಗಳು ಕಣ್ಣಿಗೆ ಕಾಣುವ ದಾರಿ ನೋಡಿಕೊಂಡೇ ಹಾರಿಸಬೇಕು. ಮೋಡ ಮುಚ್ಚಿದರೆ ಹಾರುವಂತಿಲ್ಲ. ಮಧ್ಯಾಹ್ನವಾದರೆ ಗಾಳಿ ಜೋರಾಗುತ್ತದೆ. ಹಾಗಾಗಿ ಹೆಚ್ಚಿನ ವಿಮಾನಗಳು ಬೆಳಿಗ್ಗೆಯೇ.

ವಿಮಾನ ರದ್ದಾದರೆ ಸಿಟ್ಟಾಗಬೇಡಿ. ಹವಾ ಸರಿಯಿಲ್ಲದ ದಿನ ಹಾರಿಸದಿರುವುದೇ ನಮ್ಮ ಕ್ಷೇಮ. ಒಂದೊಂದು ಸಲ ಎರಡು ಮೂರು ದಿನ ಹೀಗೇ ಆಗುವುದುಂಟು. ವಾಪಸ್ ಬರುವಾಗಲೂ ಅಷ್ಟೇ. ಲುಕ್ಲಾದಿಂದ ಇಳಿದ ದಿನವೇ ಬೆಂಗಳೂರಿಗೆ ಟಿಕೆಟ್ ಮಾಡಿಸಿದವರು ಅಲ್ಲಿ ಕಿಟಕಿಗೆ ಮುಖ ಒತ್ತಿಕೊಂಡು ಮೋಡ ನೋಡುತ್ತಾ ನಿಂತಿರುತ್ತಾರೆ. ಅವರ ಸಂಕಟ ನೋಡಲಾಗುವುದಿಲ್ಲ.

ರಾಮೇಛಾಪ್ ಅಂದರೆ ಏನು? ಟಿಕೆಟ್ಟಿನಲ್ಲಿ ಕಠ್ಮಂಡು ಇಲ್ಲವಲ್ಲ?

ಜನ ಜಾಸ್ತಿ ಇರುವ ತಿಂಗಳುಗಳಲ್ಲಿ ಲುಕ್ಲಾ ವಿಮಾನಗಳು ಹೆಚ್ಚಾಗಿ ರಾಮೇಛಾಪ್ ಜಿಲ್ಲೆಯ ಮಂಥಲಿಯಿಂದ ಹೊರಡುತ್ತವೆ. ಅದು ಕಠ್ಮಂಡುವಿನಿಂದ ಜೀಪಿನಲ್ಲಿ ನಾಲ್ಕೈದು ಗಂಟೆ ದಾರಿ. ನಡುರಾತ್ರಿ ಎದ್ದು ಹೊರಡಬೇಕು, ತಿರುವು ಸಿಕ್ಕಾಪಟ್ಟೆ. ಬಸ್ಸಿನಲ್ಲಿ ವಾಂತಿಯಾಗುವವರು ಮಾತ್ರೆ ತಗೊಂಡು ಹತ್ತಿ. ಹಿಂದಿನ ದಿನವೇ ಹೋಗಿ ಮಂಥಲಿಯಲ್ಲಿ ಮಲಗುವುದು ಇನ್ನೂ ಒಳ್ಳೇದು. ನಿದ್ದೆಗೆಟ್ಟು ಚಾರಣದ ಮೊದಲ ದಿನ ನಡೆಯುವ ಕಷ್ಟ ತಪ್ಪುತ್ತದೆ.

ವಿಮಾನವೇ ಬೇಡ ಅಂದರೆ?

ಜೀಪಿನಲ್ಲಿ ಸಲ್ಲೇರಿ ತನಕ ಹೋಗಿ ಅಲ್ಲಿಂದ ನಡೆಯಬಹುದು. ಮೂರು ದಿನ ಜಾಸ್ತಿ ಹಿಡಿಯುತ್ತದೆ, ಆದರೆ ಆ ಹಳ್ಳಿಗಳ ದಾರಿ ತುಂಬಾ ಚೆನ್ನಾಗಿದೆ. ರಜೆ ಇದ್ದವರಿಗೆ ನಾನು ಇದನ್ನೇ ಹೇಳುತ್ತೇನೆ.

ಎಷ್ಟು ಲಗೇಜ್ ಒಯ್ಯಬಹುದು?

ಲುಕ್ಲಾ ವಿಮಾನದಲ್ಲಿ ಸಾಮಾನ್ಯವಾಗಿ ಕೈಚೀಲವೂ ಸೇರಿ 15 ಕಿಲೋ. ನಿಲ್ದಾಣದಲ್ಲಿ ಕೈಚೀಲವನ್ನೂ ತಕ್ಕಡಿಗೆ ಹಾಕುತ್ತಾರೆ. ಉಳಿದ ಬಟ್ಟೆಬರೆಯನ್ನು ಕಠ್ಮಂಡುವಿನ ಹೋಟೆಲಿನಲ್ಲೇ ಬಿಡಬಹುದು.

ಬೆಂಗಳೂರಿನಿಂದ ಹೊರಡುವಾಗಲೇ ಶೂ ಕಾಲಲ್ಲಿರಲಿ. ಔಷಧಿ, ಕನ್ನಡಕ, ಒಂದು ಜೊತೆ ಒಳಬಟ್ಟೆ, ಪವರ್ ಬ್ಯಾಂಕ್, ದುಡ್ಡು, ಕಾಗದಪತ್ರ ಇವೆಲ್ಲ ಕೈಚೀಲದಲ್ಲಿರಲಿ. ಬ್ಯಾಗು ಕಳೆದರೆ ಉಳಿದದ್ದೆಲ್ಲ ಥಮೇಲಿನಲ್ಲಿ ಸಿಗುತ್ತದೆ. ಕಾಲಿಗೆ ಒಗ್ಗಿದ ಶೂ ಮಾತ್ರ ಎಲ್ಲೂ ಸಿಗುವುದಿಲ್ಲ.

ಏನು ಇಲ್ಲಿ ಕೊಳ್ಳಬೇಕು, ಏನು ಅಲ್ಲಿ?

ಶೂ, ಕಾಲುಚೀಲ, ಔಷಧಿ ಇಲ್ಲೇ ಕೊಳ್ಳಿ. ಗರಿ ತುಂಬಿದ ದಪ್ಪ ಜಾಕೆಟ್, ಮಲಗುವ ಚೀಲ, ನಡೆಯುವ ಕೋಲು ಇವು ಥಮೇಲಿನಲ್ಲಿ ದಿನದ ಬಾಡಿಗೆಗೆ ಸಿಗುತ್ತವೆ. ಒಂದೇ ಸಲ ಹೋಗುವವರು ದುಬಾರಿ ಜಾಕೆಟ್ ಯಾಕೆ ಕೊಳ್ಳಬೇಕು? ಬಾಡಿಗೆ ಚೀಲ ಬಿಡಿಸಿ ಜಿಪ್ಪು ಎರಡು ಸಲ ಎಳೆದು ನೋಡಿ, ಮೂಸಿ ನೋಡಿ. ಸೊನ್ನೆಗಿಂತ 10 ರಿಂದ 15 ಡಿಗ್ರಿ ಕೆಳಗಿನ ಚಳಿ ತಡೆಯುವಂಥದ್ದು ಬೇಕು. ದೊಡ್ಡ ಕಂಪನಿಗಳ ಹೆಸರು ಹೊಲಿದ ನಕಲಿ ಬಟ್ಟೆ ಅಲ್ಲಿ ಧಾರಾಳವಾಗಿ ಸಿಗುತ್ತದೆ. ಟೋಪಿ, ಉಣ್ಣೆ ಕೈಗವಸಿಗೆ ಅದು ಸಾಕು. ಮಳೆ ಜಾಕೆಟ್ಟಿಗೆ ಮಾತ್ರ ಅದನ್ನು ನಂಬಬೇಡಿ.

ಶೂ ಕೊಳ್ಳುವಾಗ ಸಂಜೆ ಹೊತ್ತು ಹೋಗಿ, ಪಾದ ಸ್ವಲ್ಪ ಊದಿರುತ್ತದೆ. ದಪ್ಪ ಕಾಲುಚೀಲ ಹಾಕಿಕೊಂಡೇ ನೋಡಿ. ಅಂಗಡಿಯಲ್ಲಿ ಮೆಟ್ಟಿಲಿದ್ದರೆ ಇಳಿದು ನೋಡಿ. ಹೆಬ್ಬೆರಳು ಮುಂದೆ ತಾಗಿದರೆ ಆ ಶೂ ಬೇಡ. ನಾಮ್ಚೆಯಿಂದ ಇಳಿದು ಬರುವಷ್ಟರಲ್ಲಿ ಉಗುರು ಕಪ್ಪಾಗಿರುತ್ತದೆ.

ತಂಪು ಕನ್ನಡಕ ಮರೆಯಬೇಡಿ. ಹಿಮದ ಮೇಲಿನ ಬಿಸಿಲು ಕಣ್ಣನ್ನೇ ಸುಡುತ್ತದೆ.

ಎಷ್ಟು ತಿಂಗಳು ತಯಾರಿ ಬೇಕು? ನಾನು ದಿನಾ ವಾಕಿಂಗ್ ಹೋಗುತ್ತೇನೆ.

ವಾಕಿಂಗ್ ಒಳ್ಳೇದು, ಆದರೆ ಸಾಲದು. ಮೂರು ನಾಲ್ಕು ತಿಂಗಳು ಮೆಟ್ಟಿಲು ಹತ್ತಿ ಇಳಿಯಿರಿ. ಮೈಸೂರಿನವರಿಗೆ ಚಾಮುಂಡಿಬೆಟ್ಟದ ಮೆಟ್ಟಿಲುಗಳಿವೆ, ಬೆಂಗಳೂರಿನವರಿಗೆ ನಂದಿಬೆಟ್ಟದ್ದು. ಎರಡೂ ದೂರವಾದರೆ ಅಪಾರ್ಟ್‌ಮೆಂಟಿನ ಮೆಟ್ಟಿಲೇ ಸಾಕು. ಬೆನ್ನಿಗೆ ಆರೇಳು ಕಿಲೋ ಚೀಲ ಇರಲಿ. ಶನಿವಾರ ಒಂದು ಬೆಟ್ಟ ಹತ್ತಿದರೆ ಭಾನುವಾರ ಸುಮ್ನೆ ಮಲಗಬೇಡಿ, ನೋವಿದ್ದರೂ ನಿಧಾನಕ್ಕೆ ಮೂರು ಗಂಟೆ ನಡೆಯಿರಿ. ದಣಿದ ಕಾಲಲ್ಲಿ ಮಾರನೇ ದಿನವೂ ನಡೆಯುವುದೇ ಈ ಚಾರಣದ ಅಸಲಿ ಪರೀಕ್ಷೆ.

ಇಳಿಯುವುದನ್ನು ಬೇರೆಯಾಗಿಯೇ ಅಭ್ಯಾಸ ಮಾಡಿ. ಹತ್ತುವಾಗ ಎದೆ ದಣಿಯುತ್ತದೆ, ಇಳಿಯುವಾಗ ಮಂಡಿ ದಣಿಯುತ್ತದೆ. ಕುಕ್ಕೆಯಿಂದ ಕುಮಾರಪರ್ವತ ಹತ್ತಿ ಇಳಿದು, ಮಾರನೇ ದಿನ ಕೆಲಸಕ್ಕೆ ಹೋಗುವಷ್ಟು ಕಾಲು ಗಟ್ಟಿಯಾಗಿದ್ದರೆ ನಿಮ್ಮ ತಯಾರಿ ಚೆನ್ನಾಗಿದೆ.

ಇನ್ನೊಂದು ಮಾತು. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಲುಕ್ಲಾ 2,860 ಮೀಟರ್. ಅಂದರೆ ನಮ್ಮ ತುತ್ತತುದಿಗಿಂತ 900 ಮೀಟರಿಗೂ ಮೇಲೆ ಆ ಚಾರಣ ಶುರುವಾಗುತ್ತದೆ. ಎತ್ತರಕ್ಕೆ ಮೈ ಹೇಗೆ ಸ್ಪಂದಿಸುತ್ತದೆ ಅನ್ನುವುದನ್ನು ಕರ್ನಾಟಕದಲ್ಲಿ ಪರೀಕ್ಷೆ ಮಾಡಿ ನೋಡುವ ದಾರಿಯೇ ಇಲ್ಲ.

ಹಾಗಾದರೆ ಎತ್ತರದ ಕಾಯಿಲೆ ಬರದಂತೆ ಏನು ಮಾಡುವುದು?

ಇದನ್ನು ನಿಧಾನವಾಗಿ ಓದಿ. ಬೇಸ್ ಕ್ಯಾಂಪ್ ಇರುವುದು 5,364 ಮೀಟರಿನಲ್ಲಿ. ಅಲ್ಲೂ ಗಾಳಿಯಲ್ಲಿ ಆಮ್ಲಜನಕದ ಪಾಲು ಇಲ್ಲಿಯಷ್ಟೇ, ನೂರಕ್ಕೆ 21. ಆದರೆ ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧದಷ್ಟಕ್ಕೆ ಬಂದಿರುತ್ತದೆ. ಒಂದು ಉಸಿರಿಗೆ ಸಿಗುವುದು ಅರ್ಧ. ನಾಮ್ಚೆಯ ಅಂಗಡಿಯಲ್ಲಿ ಚಿಪ್ಸ್ ಪೊಟ್ಟಣಗಳು ಬಲೂನಿನ ಹಾಗೆ ಉಬ್ಬಿ ನೇತಾಡುತ್ತಿರುತ್ತವೆ. ಒಂದನ್ನು ಒತ್ತಿ ನೋಡಿ, ಹೊರಗಿನ ಒತ್ತಡ ಎಷ್ಟು ಕಡಿಮೆಯಾಗಿದೆ ಅಂತ ಬೆರಳಿಗೇ ಗೊತ್ತಾಗುತ್ತದೆ.

ಮೈ ಇದಕ್ಕೆ ಹೊಂದಿಕೊಳ್ಳುತ್ತದೆ. ಮೊದಲು ಉಸಿರಾಟ ಜೋರಾಗುತ್ತದೆ. ಅದರಿಂದ ರಕ್ತದಲ್ಲಿ ಆಗುವ ಏರುಪೇರನ್ನು ಮೂತ್ರಪಿಂಡಗಳು ಕೆಲವು ದಿನ ತಗೊಂಡು ಸರಿಪಡಿಸುತ್ತವೆ. ಈ ಕೆಲಸಕ್ಕೆ ದಿನಗಳು ಬೇಕು. ಎಷ್ಟು ಗಟ್ಟಿಮುಟ್ಟಾಗಿದ್ದರೂ ಅದನ್ನು ಬೇಗ ಮುಗಿಸಲು ಆಗುವುದಿಲ್ಲ. ನಮ್ಮ ತಂಡದಲ್ಲಿ ಮ್ಯಾರಥಾನ್ ಓಡುವ ಹುಡುಗನೊಬ್ಬನಿದ್ದ. ಎಲ್ಲರಿಗಿಂತ ಮೊದಲು ನಾಮ್ಚೆ ಮುಟ್ಟಿದ, ರಾತ್ರಿ ತಲೆ ಹಿಡಿದುಕೊಂಡು ಕೂತ. ಅಲ್ಲೇ ಒಂದು ದಿನ ಹೆಚ್ಚಿಗೆ ಉಳಿದ, ತಲೆನೋವು ಹೋಯಿತು. ಕೊನೆಗೆ ಬೇಸ್ ಕ್ಯಾಂಪ್ ಹತ್ತಿರದ ಕಾಲಾಪತ್ಥರ್ ಗುಡ್ಡದ ತನಕ ಬಂದ. ಅವನನ್ನು ಉಳಿಸಿದ್ದು ಆ ಒಂದು ದಿನ.

ಪಾಲಿಸಬೇಕಾದದ್ದು ಇಷ್ಟು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಊರಿನಲ್ಲಿ ಎರಡು ರಾತ್ರಿ ಇರಬೇಕು. ಅದಕ್ಕೇ ನಾಮ್ಚೆಯಲ್ಲಿ (3,440 ಮೀಟರ್) ಮತ್ತು ಡಿಂಗ್‌ಬೋಚೆಯಲ್ಲಿ (4,410 ಮೀಟರ್) ಎರಡೆರಡು ರಾತ್ರಿ ಇಡುತ್ತಾರೆ. ಆ ದಿನ ಹಾಸಿಗೆ ಹಿಡಿಯಬೇಡಿ. ಮೇಲಿನ ಗುಡ್ಡಕ್ಕೆ ಒಂದೆರಡು ಗಂಟೆ ಹತ್ತಿ, ಕೆಳಗೆ ಬಂದು ಮಲಗಿ. ಈ ದಿನಗಳನ್ನು ಕತ್ತರಿಸಿದ ಅಗ್ಗದ ಪ್ಯಾಕೇಜು ಯಾರಾದರೂ ತೋರಿಸಿದರೆ ಮುಗಿಯಿತು, ಅದನ್ನು ಅಲ್ಲೇ ಬಿಡಿ.

ನಮ್ಮ ಗೈಡ್ ದಾಯ್ (ನೇಪಾಳಿಯಲ್ಲಿ ಅಣ್ಣ) ದಿನಕ್ಕೆ ನೂರು ಸಲ ‘ಬಿಸ್ತಾರೈ, ಬಿಸ್ತಾರೈ’ ಅನ್ನುತ್ತಿದ್ದರು. ನಿಧಾನ, ನಿಧಾನ ಅಂತ ಅರ್ಥ. ಪಕ್ಕದವರ ಜೊತೆ ಮಾತಾಡುತ್ತಾ ನಡೆಯಲು ಆಗುತ್ತಿದ್ದರೆ ಅದು ಸರಿಯಾದ ವೇಗ.

ಯಾವಾಗ ಹೆದರಬೇಕು?

ಸ್ವಲ್ಪ ತಲೆನೋವು, ಹಸಿವಿಲ್ಲದಿರುವುದು, ನಿದ್ದೆ ಸರಿಯಾಗಿ ಬಾರದಿರುವುದು ತುಂಬಾ ಜನರಿಗೆ ಆಗುತ್ತದೆ. ಆಗ ಮೇಲೆ ಹೋಗಬೇಡಿ, ಅಲ್ಲೇ ಇರಿ. ತಲೆನೋವು ಮಾತ್ರೆಗೂ ಬಗ್ಗದೆ ವಾಂತಿ ಶುರುವಾದರೆ ಇಳಿಯಿರಿ.

ಎರಡು ಸಂಗತಿ ಪ್ರಾಣಕ್ಕೇ ಅಪಾಯ. ಒಂದು, ಸುಮ್ನೆ ಕೂತಾಗಲೂ ಏದುಸಿರು, ಕೆಮ್ಮು, ಎದೆ ಬಿಗಿತ. ಇದು ಶ್ವಾಸಕೋಶಕ್ಕೆ ನೀರು ತುಂಬುವ ಲಕ್ಷಣ. ಇನ್ನೊಂದು, ಮಾತು ತೊದಲುವುದು, ಗಲಿಬಿಲಿ, ನಡೆಯುವಾಗ ತೂರಾಡುವುದು. ಇದು ಮೆದುಳು ಊದಿಕೊಂಡಿರುವ ಲಕ್ಷಣ. ಅನುಮಾನ ಬಂದರೆ ಲಾಡ್ಜಿನ ನೆಲದ ಹಲಗೆಯ ಗೆರೆ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸುತ್ತಾ ಹತ್ತು ಹೆಜ್ಜೆ ನಡೆಸಿ. ವಾಲಿದರೆ ಬೆಳಗಾಗುವ ತನಕ ಕಾಯಬೇಡಿ. ರಾತ್ರಿಯಾದರೂ ಕೆಳಗೆ ಕರಕೊಂಡು ಹೋಗಬೇಕು, ಜೊತೆಗೆ ಒಬ್ಬರು ಇರಲೇಬೇಕು.

ದಾರಿಯ ಮೇಲ್ಭಾಗದ ಫೆರಿಚೆ ಊರಿನಲ್ಲಿ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನ ಚಿಕಿತ್ಸಾಲಯ ಇದೆ. ಸೀಸನ್ನಿನಲ್ಲಿ ಡಾಕ್ಟರುಗಳು ಇರುತ್ತಾರೆ, ಎತ್ತರದ ಕಾಯಿಲೆ ಬಗ್ಗೆ ಚಾರಣಿಗರಿಗೆ ತಿಳಿಹೇಳುತ್ತಾರೆ. ಹೋಗಿ ಕೂತು ಕೇಳಿ.

ಬೆರಳಿಗೆ ಹಾಕುವ ಆಕ್ಸಿಮೀಟರ್ ಈಗ ಎಲ್ಲರ ಹತ್ತಿರವೂ ಇದೆ. 5,000 ಮೀಟರ್ ಮೇಲೆ 80ರ ಆಸುಪಾಸು ತೋರಿಸುವುದು ಸಾಮಾನ್ಯ. ಅಂಕಿ ನೋಡಿ ಗಾಬರಿ ಬೇಡ, ಅಂಕಿ ಚೆನ್ನಾಗಿದೆ ಅಂತ ಧೈರ್ಯವೂ ಬೇಡ. ಮೈ ಏನು ಹೇಳುತ್ತಿದೆ ಅನ್ನುವುದೇ ಮುಖ್ಯ.

ಎತ್ತರದ ಕಾಯಿಲೆ ತಡೆಯುವ ಡೈಮಾಕ್ಸ್ ಮಾತ್ರೆ ತಗೊಳ್ಳಬೇಕಾ?

ಇದನ್ನು ನಿಮ್ಮ ಡಾಕ್ಟರ್ ಹೇಳಬೇಕು. ಹೊರಡುವ ಒಂದು ತಿಂಗಳ ಮುಂಚೆಯೇ ಹೋಗಿ ಕೇಳಿ. ಮುನ್ನೆಚ್ಚರಿಕೆಗೆ ಸಾಮಾನ್ಯವಾಗಿ 125 ಮಿಲಿಗ್ರಾಂ, ದಿನಕ್ಕೆ ಎರಡು ಸಲ ಕೊಡುತ್ತಾರೆ. ಸಲ್ಫಾ ಔಷಧಿ ಆಗದವರು ಅದನ್ನು ಡಾಕ್ಟರಿಗೆ ತಪ್ಪದೆ ಹೇಳಿ. ಬೆರಳು ತುದಿ ಜುಮ್ಮೆನ್ನುವುದು, ಮೂತ್ರ ಜಾಸ್ತಿಯಾಗುವುದು ಇದ್ದದ್ದೇ. ಅದು ಮೈ ಒಗ್ಗುವ ಕೆಲಸಕ್ಕೆ ನೆರವಾಗುತ್ತದೆ, ಬೇಗ ಬೇಗ ಹತ್ತಲು ಪರವಾನಗಿ ಕೊಡುವುದಿಲ್ಲ. ನಿದ್ದೆ ಮಾತ್ರೆ ಮತ್ತು ಮದ್ಯ ಮೇಲೆ ಬೇಡವೇ ಬೇಡ.

ಅಪ್ಪನಿಗೆ 62. ಕರಕೊಂಡು ಹೋಗಬಹುದಾ?

ವಯಸ್ಸೊಂದೇ ಅಡ್ಡಿಯಲ್ಲ. ಎತ್ತರದ ಕಾಯಿಲೆ ಹುಡುಗರನ್ನೂ ಬಿಡುವುದಿಲ್ಲ. ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದರೆ ಪೂರ್ತಿ ತಪಾಸಣೆ ಮಾಡಿಸಿ, ಡಾಕ್ಟರ್ ಒಪ್ಪಿದರೆ ಹೋಗಿ. ಇನ್ನೂ ಎರಡು ದಿನ ಜಾಸ್ತಿ ಇಟ್ಟುಕೊಳ್ಳಿ. ತೆಂಗ್‌ಬೋಚೆ ಗೊಂಪಾದ (ಬೌದ್ಧ ಮಠ) ತನಕ ಹೋಗಿ ಎವರೆಸ್ಟ್, ಅಮಾ ದಬ್ಲಮ್ ನೋಡಿ ಬಂದರೂ ಅದು ಪೂರ್ತಿ ಚಾರಣವೇ.

ವಿಮೆ ಮಾಡಿಸಬೇಕಾ?

ಖಂಡಿತ. ನಮ್ಮಲ್ಲಿ ಸಿಗುವ ಮಾಮೂಲಿ ಪ್ರವಾಸ ವಿಮೆ ಎತ್ತರದ ಚಾರಣಕ್ಕೆ ಅನ್ವಯಿಸದೇ ಇರಬಹುದು. 6,000 ಮೀಟರ್ ತನಕ ಚಾರಣ ಮತ್ತು ಹೆಲಿಕಾಪ್ಟರ್ ರಕ್ಷಣೆ, ಇವೆರಡೂ ಪಾಲಿಸಿಯಲ್ಲಿ ಬರಹದಲ್ಲಿ ಇವೆಯಾ ನೋಡಿ. ತುರ್ತು ನಂಬರನ್ನು ಕಾಗದದ ಮೇಲೆ ಬರೆದು ಒಂದು ಪ್ರತಿ ಗೈಡ್‌ಗೂ ಕೊಡಿ.

ಗೈಡ್, ಪೋರ್ಟರ್ ಬೇಕಾ?

ಬೇಕು. ಮೊದಲ ಸಲ ಹೋಗುವವರಿಗಂತೂ ಗೈಡ್ ಇರಲೇಬೇಕು. ಇಬ್ಬರು ಚಾರಣಿಗರಿಗೆ ಒಬ್ಬ ಪೋರ್ಟರ್ ಅನ್ನುವುದು ಅಲ್ಲಿನ ರೂಢಿ. ಹಾಗಾಗಿ ಒಬ್ಬೊಬ್ಬರ ಚೀಲ 10 ರಿಂದ 12 ಕಿಲೋ ದಾಟದಿರಲಿ. ಹೊರೆ ಎಳೆದು ಹಿಡಿಯುವ ನಾಮ್ಲೋ ಎಂಬ ಹಗ್ಗದ ಪಟ್ಟಿ ಹಣೆಗೆ ಕೊಟ್ಟು, ನಮ್ಮ ಹೊರೆ ಬೆನ್ನ ಮೇಲಿಟ್ಟು ಏರುವವರೂ ನಮ್ಮ ಹಾಗೇ ಮನುಷ್ಯರು. ಎತ್ತರದ ಕಾಯಿಲೆ ಅವರಿಗೂ ಬರುತ್ತದೆ. ಎಷ್ಟೋ ಪೋರ್ಟರುಗಳು ಶೆರ್ಪಾಗಳಲ್ಲ, ಕೆಳಗಿನ ಜಿಲ್ಲೆಗಳಿಂದ ಬಂದವರು. ಕಠ್ಮಂಡುವಿನಲ್ಲೇ ಏಜೆನ್ಸಿಯನ್ನು ಕೇಳಿ: ಅವರಿಗೆ ಒಳ್ಳೇ ಶೂ, ಬೆಚ್ಚನೆ ಬಟ್ಟೆ ಇದೆಯಾ? ವಿಮೆ ಇದೆಯಾ? ಸರಿಯಾದ ಉತ್ತರ ಬರದಿದ್ದರೆ ಬೇರೆ ಏಜೆನ್ಸಿ ನೋಡಿ.

ದುಡ್ಡು ಹೇಗೆ ಒಯ್ಯುವುದು? ಪರ್ಮಿಟ್?

ಭಾರತದ 100 ರೂಪಾಯಿಗೆ ನೇಪಾಳದ 160 ರೂಪಾಯಿ. ಭಾರತದ 100ರ ನೋಟಿಗೆ ತಕರಾರಿಲ್ಲ. ದೊಡ್ಡ ನೋಟಿನ ನಿಯಮ ಬದಲಾಗುತ್ತಿರುತ್ತದೆ, ಹೊರಡುವ ವಾರ ವಿಚಾರಿಸಿ. ದಾರಿಯ ಖರ್ಚಿಗೆ ಬೇಕಾದ ನೇಪಾಳಿ ನಗದನ್ನು ಕಠ್ಮಂಡುವಿನಲ್ಲೇ ತಗೊಳ್ಳಿ. ನಾಮ್ಚೆಯಲ್ಲಿ ಎಟಿಎಂ ಇದೆ, ಆದರೆ ಅದನ್ನೇ ನೆಚ್ಚಿಕೊಳ್ಳಬೇಡಿ. ಮೇಲೆ ಹೋದಷ್ಟೂ ಬೆಲೆ ಏರುತ್ತದೆ. ಎಲ್ಲವೂ ಹೊತ್ತೇ ತಂದದ್ದು, ಚೌಕಾಸಿ ಮಾಡಬೇಡಿ.

ಸಾಗರಮಾಥಾ ರಾಷ್ಟ್ರೀಯ ಉದ್ಯಾನದ ಪ್ರವೇಶ ಶುಲ್ಕ ಸಾರ್ಕ್ ದೇಶದವರಿಗೆ 1,500 ನೇಪಾಳಿ ರೂಪಾಯಿ, ಮೇಲೆ ತೆರಿಗೆ. ನಾಮ್ಚೆಗಿಂತ ಮುಂಚೆ ಸಿಗುವ ಮೋಂಜೋದಲ್ಲಿ ಕಟ್ಟಬಹುದು. ಸ್ಥಳೀಯ ಪಾಲಿಕೆಯ ಪರ್ಮಿಟ್ ಬೇರೆ ಇದೆ. ಗುರುತಿನ ಚೀಟಿ ಕೈಗೆ ಸಿಗುವ ಹಾಗಿರಲಿ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತಾ?

ಧಾರಾಳವಾಗಿ. ದಾಲ್ ಭಾತ್ ಅಂದರೆ ನಮ್ಮ ಅನ್ನ, ಬೇಳೆ, ಪಲ್ಯ. ಸಾಮಾನ್ಯವಾಗಿ ಮತ್ತೆ ಮತ್ತೆ ಬಡಿಸುತ್ತಾರೆ. ಮಾಂಸ ತಿನ್ನುವವರೂ ನಾಮ್ಚೆ ದಾಟಿದ ಮೇಲೆ ಬಿಡುವುದು ಕ್ಷೇಮ, ಅದು ಕೆಳಗಿನಿಂದ ದಿನಗಟ್ಟಲೆ ಹೊತ್ತು ತಂದದ್ದಾಗಿರುತ್ತದೆ. ಚಟ್ನಿಪುಡಿ, ಕಡಲೆಮಿಠಾಯಿ ಒಯ್ಯಿರಿ. 4,500 ಮೀಟರಿನಲ್ಲಿ ಬಾಯಿ ಸಪ್ಪೆಯಾದಾಗ ಒಂದು ಚಮಚ ಚಟ್ನಿಪುಡಿ ಅನ್ನ ಒಳಗಿಳಿಸುತ್ತದೆ. ಹೊಟ್ಟೆ ಕೆಡುವುದು ಹೆಚ್ಚಾಗಿ ಕಠ್ಮಂಡುವಿನಲ್ಲೇ. ಅಲ್ಲಿ ಹಸಿ ತರಕಾರಿ, ಐಸ್, ನಲ್ಲಿ ನೀರು ಬೇಡ. ದಾರಿಯಲ್ಲಿ ಕುದಿಸಿದ ನೀರು ಅಥವಾ ಕ್ಲೋರಿನ್ ಮಾತ್ರೆ ಹಾಕಿದ ನೀರು ಕುಡಿಯಿರಿ.

ಶೌಚಾಲಯ, ಸ್ನಾನ?

ನಾಮ್ಚೆ ತನಕ ಪರವಾಗಿಲ್ಲ. ಬೇಸ್ ಕ್ಯಾಂಪಿಗೆ ಹತ್ತಿರವಿರುವ ಲೊಬುಚೆಯಲ್ಲಿ ಬೆಳಿಗ್ಗೆ ಹೋದಾಗ ಡ್ರಮ್ಮಿನ ನೀರಿನ ಮೇಲೆ ಮಂಜುಗಡ್ಡೆ ಹಲಗೆಯ ಹಾಗೆ ಕೂತಿತ್ತು. ಮಗ್ಗಿನ ಬುಡದಿಂದ ಕುಟ್ಟಿ ಒಡೆದು ನೀರು ತಗೊಂಡೆ. ಟಿಶ್ಯೂ, ಒದ್ದೆ ಟಿಶ್ಯೂ, ಸ್ಯಾನಿಟೈಸರ್ ಇರಲಿ. ಸ್ನಾನವನ್ನು ಡಿಂಗ್‌ಬೋಚೆಯಿಂದ ಮೇಲೆ ಮರೆತುಬಿಡಿ. ಹೆಣ್ಣುಮಕ್ಕಳು ಪ್ಯಾಡುಗಳನ್ನು ಇಲ್ಲಿಂದಲೇ ಒಯ್ಯಿರಿ, ಬಳಸಿದ್ದನ್ನು ಗಟ್ಟಿ ಚೀಲದಲ್ಲಿ ಕಟ್ಟಿಡಿ. ಪ್ರಯಾಣದ ಏರುಪೇರಿನಲ್ಲಿ ಮುಟ್ಟು ಹಿಂದೆ ಮುಂದೆ ಆಗುವುದುಂಟು.

ಮನೆಯವರಿಗೆ ಫೋನ್ ಮಾಡಲು ಆಗುತ್ತಾ?

ಕಠ್ಮಂಡುವಿನಲ್ಲಿ ಎನ್‌ಸೆಲ್ ಅಥವಾ ನೇಪಾಳ ಟೆಲಿಕಾಂ ಸಿಮ್ ತಗೊಳ್ಳಿ. ಲಾಡ್ಜುಗಳಲ್ಲಿ ದುಡ್ಡು ಕೊಟ್ಟರೆ ವೈಫೈ ಸಿಗುತ್ತದೆ. ‘ಒಂದೆರಡು ದಿನ ಫೋನ್ ಬರದಿದ್ದರೆ ಗಾಬರಿ ಆಗಬೇಡಿ’ ಅಂತ ಅಮ್ಮನಿಗೆ ಹೊರಡುವ ಮುಂಚೆಯೇ ಹೇಳಿ. ರಾತ್ರಿ ಫೋನನ್ನೂ ಪವರ್ ಬ್ಯಾಂಕನ್ನೂ ಮಲಗುವ ಚೀಲದೊಳಗೆ ಇಟ್ಟುಕೊಳ್ಳಿ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ.

ಲುಕ್ಲಾದಲ್ಲಿ ಇಳಿದ ಕೂಡಲೇ ಏನು ಮಾಡಬೇಕು?

ಚೀಲಗಳು ಬಂದವಾ ನೋಡಿ. ನಿಮ್ಮ ಹೊರೆ ಹೊರುವವರ ಹೆಸರು ಕೇಳಿ, ನಿಮ್ಮ ಹೆಸರು ಹೇಳಿ. ನೀರಿನ ಬಾಟಲಿ ತುಂಬಿಸಿಕೊಳ್ಳಿ. ಲಾಡ್ಜಿನಲ್ಲಿ ಕೂತು ಬಿಸಿ ಟೀ ಕುಡಿಯಿರಿ, ಏನಾದರೂ ತಿನ್ನಿ. ಆ ದಿನ ನಡೆಯುವುದು ಫಾಕ್‌ಡಿಂಗ್ ತನಕ, ಮೂರು ನಾಲ್ಕು ಗಂಟೆ. ಅದು 2,610 ಮೀಟರ್, ಲುಕ್ಲಾಕ್ಕಿಂತ ತಗ್ಗು. ದಾರಿಯಲ್ಲಿ ಮಣಿ ಗೋಡೆಗಳು (ಬೌದ್ಧ ಮಂತ್ರ ಕೆತ್ತಿದ ಕಲ್ಲಿನ ಗೋಡೆಗಳು) ಸಿಕ್ಕರೆ ಅವು ನಿಮ್ಮ ಬಲಕ್ಕೆ ಇರುವ ಹಾಗೆ ಸುತ್ತಿಹೋಗಿ, ನಮ್ಮ ಪ್ರದಕ್ಷಿಣೆಯ ಹಾಗೆಯೇ. ಹೊರೆ ಹೊತ್ತ ಹೇಸರಗತ್ತೆಗಳ ಗಂಟೆ ಕೇಳಿದರೆ ಗುಡ್ಡದ ಕಡೆಗೆ ಸರಿದು ನಿಲ್ಲಿ, ಕಣಿವೆ ಕಡೆ ಬೇಡ. ಇಳಿಜಾರು ಸುಲಭ ಅಂತ ಓಡಬೇಡಿ. ಕೊನೆಯ ದಿನ ಇದೇ ದಾರಿಯನ್ನು ದಣಿದ ಕಾಲಲ್ಲಿ ಹತ್ತಿ ಬರಬೇಕು.